ನಲವತ್ತು ಅಕ್ಷರಗಳ ಕಾರಣ

ರಜೆ ಕೇಳುವುದಕ್ಕೆ ಒಬ್ಬ ಮನುಷ್ಯನಿಗೆ ನಲವತ್ತು ಅಕ್ಷರ ಸಾಕು ಎಂದು ತೀರ್ಮಾನಿಸಿದವಳು ನಾನೇ. ನನಗೆ ಯಾರೂ ಹಾಗೆ ಹೇಳಿರಲಿಲ್ಲ. ದೋಹಾದ ಒಂದು ಕಟ್ಟಡ ನಿರ್ಮಾಣ ಕಂಪನಿಗೆ ಸೇರಿದ ಮೊದಲ ವರ್ಷ, ಕೆಲಸಗಾರರ ರಜೆ ಅರ್ಜಿಗಳನ್ನು ಕಂಪ್ಯೂಟರಿಗೆ ಸೇರಿಸುವ ಪ್ರೋಗ್ರಾಂ ಬರೆಯುವಾಗ, ‘ಕಾರಣ’ ಎಂಬ ಜಾಗದ ಮುಂದೆ ನಲವತ್ತು ಎಂದು ಹಾಕಿದ್ದೆ. ಪರದೆಯ ಮೇಲೆ ಒಂದೇ ಸಾಲಿನಲ್ಲಿ ಚೆನ್ನಾಗಿ ಕೂರುತ್ತಿತ್ತು, ಅಷ್ಟೇ.

ಆಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಮೈಸೂರಿನವಳು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೋಬಾಲ್ ಕಲಿತು ಕೆಲಸ ಮಾಡುತ್ತಿದ್ದವಳು, ಗಂಡನಿಗೆ ಕತಾರಿನಲ್ಲಿ ಉದ್ಯೋಗ ಸಿಕ್ಕಾಗ ಜೊತೆಗೆ ಬಂದೆ. ಅಲ್ ಮನ್ಸೂರಾದಲ್ಲಿ ನಮ್ಮ ಮನೆ, ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನನ್ನ ಕಚೇರಿ. ಕೋಬಾಲ್ ಕಚೇರಿ ಕೆಲಸಕ್ಕೆಂದೇ ಹುಟ್ಟಿದ ಕಂಪ್ಯೂಟರ್ ಭಾಷೆ. ಹೊಸ ಹುಡುಗರು ಅದನ್ನು ಮುದಿಭಾಷೆ ಎಂದು ತಮಾಷೆ ಮಾಡುತ್ತಿದ್ದರೂ ನಮ್ಮ ಕಂಪನಿಯ ಮೂರು ಸಾವಿರ ಜನರ ಲೆಕ್ಕವೆಲ್ಲ ಅದರಲ್ಲೇ ನಡೆಯುತ್ತಿತ್ತು. ಆ ಭಾಷೆಯಲ್ಲಿ ಏನನ್ನೇ ಇಟ್ಟುಕೊಳ್ಳಬೇಕಾದರೂ ಅದಕ್ಕೆ ಎಷ್ಟು ಅಕ್ಷರದ ಜಾಗ ಬೇಕೆಂದು ಮೊದಲೇ ಹೇಳಬೇಕು. ನಲವತ್ತು ಎಂದರೆ ನಲವತ್ತು. ಹತ್ತೇ ಅಕ್ಷರ ಬರೆದರೆ ಉಳಿದ ಮೂವತ್ತು ಜಾಗ ಖಾಲಿ ಬಿದ್ದಿರುತ್ತದೆ. ಐವತ್ತು ಬರೆದರೆ ಕೊನೆಯ ಹತ್ತು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಕಂಪ್ಯೂಟರ್ ಒಂದು ಮಾತೂ ಹೇಳುವುದಿಲ್ಲ.

ಮೂರು ವರ್ಷ ಯಾವ ದೂರೂ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕ್ಯಾಂಪಿನಿಂದ ಫೋನ್ ಬಂತು. ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಆ ಕ್ಯಾಂಪಿನ ಕ್ಲರ್ಕು ಮೂಡಬಿದ್ರೆ ಕಡೆಯವರು. ಮನೆಮಾತು ತುಳು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಇಂಗ್ಲಿಷ್ ಬರೆಯಲು ಬಾರದ ಕೆಲಸಗಾರರ ಅರ್ಜಿಗಳನ್ನು ಅವರೇ ಕೇಳಿಕೊಂಡು ಟೈಪ್ ಮಾಡುತ್ತಿದ್ದರು.

“ಮೇಡಂ, ಒಂದು ವಿಷಯ ಉಂಟು. ನಿಮ್ಮ ಆ ಕಾರಣದ ಜಾಗ ಅರ್ಧಕ್ಕೆ ತುಂಡಾಗ್ತದೆ. ಒಬ್ಬ ಪಾಪದವನಿಗೆ ಅದರಿಂದ ದೊಡ್ಡ ತೊಂದ್ರೆ ಆಯ್ತು,” ಎಂದರು.

ಪಾಪದವನು ಎಂದರೆ ನೇಪಾಳದ ಒಬ್ಬ ಪ್ಲಂಬರ್. ಅವನು ಮೊದಲು ತಮ್ಮನ ಮದುವೆಗೆಂದು ರಜೆ ಕೇಳಿದ್ದ. ಅಷ್ಟರಲ್ಲಿ ತಾಯಿಗೆ ಕಾಯಿಲೆಯಾಗಿ ಮದುವೆ ಮುಂದಕ್ಕೆ ಹೋಯಿತು, ಅವನೇ ರಜೆ ಬೇಡವೆಂದ. ಹದಿನೈದು ದಿನದಲ್ಲಿ ತಾಯಿ ತೀರಿಕೊಂಡಳು. ಕ್ಲರ್ಕು ಮತ್ತೆ ಅರ್ಜಿ ಹಾಕಿ, ಮೊದಲಿನ ಅರ್ಜಿಯ ಗೊಂದಲ ಬೇಡವೆಂದು ಎಲ್ಲವನ್ನೂ ವಿವರವಾಗಿ ಇಂಗ್ಲಿಷಿನಲ್ಲಿ ಬರೆದರು: ‘ಬ್ರದರ್ ಮ್ಯಾರೇಜ್ ಲೀವ್ ಕ್ಯಾನ್ಸಲ್ಡ್. ನೌ ಮದರ್ ಎಕ್ಸ್‌ಪೈರ್ಡ್, ಮಸ್ಟ್ ರೀಚ್ ಬಿಫೋರ್ ಥರ್ಟೀನ್ತ್ ಡೇ.’ ನನ್ನ ನಲವತ್ತು ಅಕ್ಷರ ‘ನೌ’ ದಾಟಿ, ‘ಮದರ್’ ಎಂಬುದರ ಮೊದಲ ಎರಡು ಇಂಗ್ಲಿಷ್ ಅಕ್ಷರಕ್ಕೆ ಮುಗಿದಿತ್ತು. ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರು ಓದಿದ್ದು ಮದುವೆ ರಜೆ ರದ್ದಾಗಿದೆ ಎಂಬುದನ್ನು ಮಾತ್ರ. ರದ್ದಾದ ಅರ್ಜಿಗಳ ಜೊತೆ ಸೇರಿಸಿಟ್ಟರು.

ಪ್ಲಂಬರ್ ಎಂಟು ದಿನ ಕಾದ. ದೊಡ್ಡ ಕಚೇರಿಯಲ್ಲಿ ಹೀಗೇ ತಡವಾಗುತ್ತದೇನೋ ಎಂದುಕೊಂಡು ಯಾರನ್ನೂ ಕೇಳಲಿಲ್ಲವಂತೆ. ಒಂಬತ್ತನೆಯ ದಿನ ಕ್ಲರ್ಕು ಕಾಗದ ಹಿಡಿದು ತಾವೇ ಕಚೇರಿಗೆ ಬಂದಾಗ ವಿಷಯ ತಿಳಿಯಿತು. ಮ್ಯಾನೇಜರು ಸೂಡಾನಿನವರು, ಮೃದು ಸ್ವಭಾವದವರು. ಕುರ್ಚಿಯಿಂದ ಎದ್ದು ನಿಂತು ದೇಶ ಬಿಡಲು ಬೇಕಾದ ಎಕ್ಸಿಟ್ ಪರ್ಮಿಟ್ಟಿಗೆ ಅಂದೇ ಕಳಿಸಿದರು. ಆದರೂ ಹದಿಮೂರನೆಯ ದಿನದ ಹೊತ್ತಿಗೆ ಅವನು ಮನೆ ತಲುಪುವ ಹಾಗಿರಲಿಲ್ಲ.

ಫೋನ್ ಇಟ್ಟ ಮೇಲೆ ಹಳೆಯ ಅರ್ಜಿಗಳನ್ನೆಲ್ಲ ತೆರೆದು ನೋಡುತ್ತಾ ಕುಳಿತೆ. ಎಷ್ಟೋ ಸಾಲುಗಳು ನಲವತ್ತನೆಯ ಅಕ್ಷರದಲ್ಲಿ ಕತ್ತರಿಸಿ ನಿಂತಿದ್ದವು. ‘ಮಗಳಿಗೆ ಆಸ್ಪತ್ರೆಯಲ್ಲಿ’ ಎಂದು ಒಂದು. ‘ಹೆಂಡತಿ ಒಬ್ಬಳೇ ಇದ್ದಾಳೆ, ಹಾಗಾಗಿ’ ಎಂದು ಇನ್ನೊಂದು. ಮೂರು ವರ್ಷದಿಂದ ಇವು ನನ್ನ ಕೈಕೆಳಗೇ ಇದ್ದವು. ನಾನು ಒಂದು ದಿನವೂ ಓದಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಪ್ಯಾಲೆಸ್ತೀನಿನ ಹಿರಿಯರು. ವಿಷಯ ಹೇಳಿದಾಗ, “ಎಂಬತ್ತು ಮಾಡು. ಖಲಾಸ್,” ಎಂದರು.

ನನಗೆ ಎಂಬತ್ತು ಸಾಕೆನಿಸಲಿಲ್ಲ. ಎಂಬತ್ತೊಂದನೆಯ ಅಕ್ಷರದಲ್ಲಿ ಇನ್ನೊಬ್ಬನ ತಾಯಿ ಬಿದ್ದುಹೋದರೆ ಏನು ಮಾಡುವುದು. ಬರೆದಷ್ಟು ಉದ್ದ ಇಟ್ಟುಕೊಳ್ಳುವ ಜಾಗ ಮಾಡುತ್ತೇನೆ ಎಂದೆ. ಕೋಬಾಲಿನಲ್ಲಿ ಅದಕ್ಕೂ ದಾರಿಯಿದೆ. ಜಾಗವನ್ನು ಎರಡು ಭಾಗ ಮಾಡಬೇಕು. ಮುಂದೆ ಒಂದು ಸಂಖ್ಯೆ, ಈ ಬರಹ ಇಷ್ಟು ಅಕ್ಷರ ಉದ್ದವಿದೆ ಎಂದು ತಿಳಿಸಲು. ಅದರ ಹಿಂದೆ ಬರಹ. ಓದುವ ಪ್ರೋಗ್ರಾಂ ಮೊದಲು ಸಂಖ್ಯೆ ನೋಡಿ, ಅಷ್ಟೇ ಅಕ್ಷರ ತೆಗೆದುಕೊಳ್ಳಬೇಕು. ಇನ್ನೂರೈವತ್ತು ಅಕ್ಷರದವರೆಗೆ ಯಾರು ಎಷ್ಟು ಬೇಕಾದರೂ ಬರೆಯಬಹುದು. ಮುಖ್ಯಸ್ಥರು ಭುಜ ಕುಣಿಸಿ, “ನಿನ್ನಿಷ್ಟ. ಆದರೆ ಅದನ್ನು ಮುಟ್ಟುವ ಪ್ರತಿ ಪ್ರೋಗ್ರಾಮನ್ನೂ ನೋಡು,” ಎಂದರು.

ಇಂಥ ಹನ್ನೊಂದು ಪ್ರೋಗ್ರಾಮುಗಳಿದ್ದವು. ಮೂರು ವಾರ ಕೂತು ಎಲ್ಲವನ್ನೂ ಬದಲಿಸಿದೆ. ಕ್ಲರ್ಕು ಮೊದಲು ಮಾಡಿದ ಕೆಲಸವೆಂದರೆ ಆ ಪ್ಲಂಬರನ ಕಾರಣವನ್ನು ಪೂರ್ತಿಯಾಗಿ ಮತ್ತೆ ಟೈಪ್ ಮಾಡಿದ್ದು. ಅವನು ಆಗಲೇ ಊರಿಗೆ ಹೋಗಿಯಾಗಿತ್ತು. “ಹೋದ್ರೂ ಅಡ್ಡಿಲ್ಲ ಮೇಡಂ, ದಾಖಲೆಯಲ್ಲಾದ್ರೂ ಸರಿ ಇರ್ಲಿ,” ಎಂದರು. ನನಗೆ ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯಿತ್ತು. ಮನೆಗೆ ಹೋಗಿ ಗಂಡನಿಗೂ ಹೇಳಿದೆ.

ಅದಾದ ಎರಡನೆಯ ವಾರ ಮತ್ತೆ ಬೆಳಿಗ್ಗೆ ಕ್ಲರ್ಕರ ಫೋನ್. ಈ ಸಲ ಅವರ ಧ್ವನಿ ಬೇರೆಯಾಗಿತ್ತು.

“ಮೇಡಂ, ನೀವು ಕೂತಿದ್ದೀರಲ್ಲ?”

“ಕೂತಿದ್ದೀನಿ ಸಾರ್. ಹೇಳಿ.”

“ನಿನ್ನೆ ರಜೆಯಲ್ಲಿರುವವರ, ರಜೆಗೆ ಹೋಗುವವರ ಪಟ್ಟಿ ಬಂತಲ್ಲ. ಅದರಲ್ಲಿ ಕೋಲಾರದ ಒಬ್ಬನ ತಾಯಿ ತೀರಿಹೋಗಿದ್ದಾಳೆ ಅಂತ ಪ್ರಿಂಟ್ ಆಗಿದೆ. ಅವನು ಹಾಗೆ ಬರೆಸಿದ್ದೇ ಅಲ್ಲ. ಅವನ ತಾಯಿ ಬದುಕಿದ್ದಾಳೆ.”

ಪಟ್ಟಿಯ ನನ್ನ ಪ್ರತಿ ಮೇಜಿನ ಮೇಲೇ ಇತ್ತು. ತೆಗೆದು ನೋಡಿದೆ. ಆ ಕ್ಯಾಂಪಿನ ಹಾಳೆಯಲ್ಲಿ ಕೊನೆಯ ಹೆಸರು ಅವನದು, ಕಂಬಿ ಕಟ್ಟುವ ಕೆಲಸದವನು. ಅವನು ಬರೆಸಿದ್ದು ‘ಆ್ಯನ್ಯುಯಲ್ ಲೀವ್ ಡ್ಯೂ. ಹೌಸ್ ರೂಫ್ ವರ್ಕ್’ ಎಂದು, ವರ್ಷದ ರಜೆ ಬಾಕಿಯಿದೆ, ಮನೆಯ ಚಾವಣಿ ಕೆಲಸ ಇದೆ ಎಂದಷ್ಟೇ. ಅದರ ಮುಂದೆಯೇ, ಒಂದು ಜಾಗ ಬಿಟ್ಟು, ‘ನೌ ಮದರ್ ಎಕ್ಸ್‌ಪೈರ್ಡ್, ಮಸ್ಟ್ ರೀಚ್ ಬಿಫೋರ್ ಥರ್ಟೀನ್ತ್ ಡೇ’ ಎಂದಿತ್ತು. ಅವನ ಮೇಲಿನ ಸಾಲು ನೇಪಾಳದ ಪ್ಲಂಬರನದು.

ನೋಡಿದ ತಕ್ಷಣ ತಿಳಿಯಿತು. ಪಟ್ಟಿ ಮುದ್ರಿಸುವ ಪ್ರೋಗ್ರಾಂ ಸಂಖ್ಯೆ ನೋಡಿ ಅಷ್ಟೇ ಅಕ್ಷರವನ್ನು ಸಾಲಿಗೆ ಹಾಕುತ್ತಿತ್ತು, ಸರಿ. ಆದರೆ ಅದಕ್ಕೆ ಮುಂಚೆ ಸಾಲಿನಲ್ಲಿದ್ದ ಹಳೆಯದನ್ನು ಅಳಿಸುತ್ತಿರಲಿಲ್ಲ. ಪ್ಲಂಬರನ ಉದ್ದನೆಯ ಸಾಲಿನ ಮೇಲೆ ಇವನ ಗಿಡ್ಡ ಸಾಲು ಕೂತು, ಮುಚ್ಚಿಹೋಗದ ಬಾಲ ಹಾಗೇ ಉಳಿದುಕೊಂಡಿತ್ತು. ಚುಕ್ಕಿ, ಪದಗಳ ನಡುವಿನ ಖಾಲಿ ಜಾಗ ಎಲ್ಲ ಸೇರಿ ಇವನು ಬರೆಸಿದ್ದು ಇಂಗ್ಲಿಷಿನ ಮೂವತ್ತಮೂರು ಅಕ್ಷರ. ಪ್ಲಂಬರನ ಮೊದಲ ವಾಕ್ಯವೂ ಮೂವತ್ತಮೂರೇ ಅಕ್ಷರ. ಬೇರೆ ಕ್ಯಾಂಪುಗಳ ಹಾಳೆಗಳಲ್ಲೂ ಬಾಲಗಳು ಉಳಿದಿದ್ದವು, ಆದರೆ ಅವೆಲ್ಲ ಅರ್ಧಂಬರ್ಧ ಪದಗಳಾದ್ದರಿಂದ ಯಾರೂ ಗಮನಿಸಿರಲಿಲ್ಲ. ಇದೊಂದೇ ಅರ್ಥವಾಗುವ ಹಾಗೆ ಕೂಡಿಕೊಂಡಿತ್ತು. ಪರೀಕ್ಷೆ ಮಾಡುವಾಗ ನಾನು ಕೊಟ್ಟ ಉದಾಹರಣೆಗಳು ಒಂದಕ್ಕಿಂತ ಒಂದು ಉದ್ದವಿದ್ದವು. ಉದ್ದದ್ದರ ಹಿಂದೆ ಗಿಡ್ಡದ್ದು ಬಂದರೆ ಏನಾಗುತ್ತದೆಂದು ನೋಡಿರಲಿಲ್ಲ.

ಸರಿಪಡಿಸಲು ಬೇಕಾದದ್ದು ಒಂದೇ ಒಂದು ಸಾಲು. ಬರೆದು ಮುಗಿಸಿ ಮುಖ್ಯಸ್ಥರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಆ ಮನುಷ್ಯ ಈಗ ಎಲ್ಲಿದ್ದಾನೆ?” ಎಂದು ಮಾತ್ರ ಕೇಳಿದರು.

ಅಂದು ಮಧ್ಯಾಹ್ನ ಕ್ಲರ್ಕು ಪಿಕಪ್ ತಂದರು. ಹೆಂಗಸರು ಕ್ಯಾಂಪಿಗೆ ಹೋಗುವ ರೂಢಿಯಿರಲಿಲ್ಲ. ಕಾವಲಿನವನು ಹೆಸರು ಬರೆಸಿಕೊಂಡು ಎರಡು ಸಲ ನನ್ನ ಮುಖ ನೋಡಿದ. ದಾರಿಯುದ್ದಕ್ಕೂ ಕ್ಲರ್ಕು ನಡೆದದ್ದನ್ನು ಹೇಳಿದ್ದರು. ಪಟ್ಟಿ ಓದಿದ ಫೋರ್‌ಮನ್ ಅವನನ್ನು ಕೆಲಸದ ಮಧ್ಯೆ ಕೆಳಗಿಳಿಸಿ, ಹೆಗಲ ಮೇಲೆ ಕೈಯಿಟ್ಟು ವಿಷಯ ತಿಳಿಸಿದ್ದ. ಊರಿನವರು ಕಚೇರಿಗೆ ಫೋನ್ ಮಾಡಿರಬೇಕೆಂದು ಇಬ್ಬರೂ ನಂಬಿದರು. ಅವನ ಮನೆಯಲ್ಲಿ ಫೋನಿಲ್ಲ, ಮನೆ ಹತ್ತಿರದ ಅಂಗಡಿಗೆ ಮಾಡಬೇಕು. ಅಂಗಡಿಯವನು ಅಂದು ಬೀಗ ಹಾಕಿಕೊಂಡು ಎಲ್ಲೋ ಹೋಗಿದ್ದ. ಹದಿಮೂರನೆಯ ದಿನದೊಳಗೆ ಎಂದು ಬರೆದಿರುವುದರಿಂದ ಆಗಲೇ ಕೆಲವು ದಿನ ಕಳೆದಿರಬೇಕೆಂದು ಅವನು ಲೆಕ್ಕ ಹಾಕಿದ. ತಂದೆ ಇಲ್ಲ, ಅವನೇ ಹಿರಿಯ ಮಗ. ಸಂಜೆ ಕ್ಯಾಂಪಿನಲ್ಲಿ ಕ್ಷೌರ ಮಾಡುತ್ತಿದ್ದ ಜೊತೆಗಾರನನ್ನು ಕರೆದು ತಲೆಯನ್ನೂ ಮೀಸೆಯನ್ನೂ ತೆಗೆಸಿ, ತಣ್ಣೀರು ಸ್ನಾನ ಮಾಡಿ, ಊಟ ಬಿಟ್ಟು ಕುಳಿತ. ಮಾರನೆಯ ಬೆಳಿಗ್ಗೆ ಅಂಗಡಿಯವನು ಫೋನ್ ಎತ್ತಿದ.

ಎಂಟು ಜನರ ಕೋಣೆ. ಕೆಳಗಿನ ಮಂಚದ ಮೇಲೆ ಅವನು ಕುಳಿತಿದ್ದ. ಮೂವತ್ತೈದರ ಆಸುಪಾಸು. ಬಿಸಿಲಿಗೆ ಕಪ್ಪಾದ ಮುಖ, ಅದರ ಮೇಲೆ ಬೆಳ್ಳಗಿನ ನುಣ್ಣನೆ ತಲೆ. ನನ್ನನ್ನು ಕಂಡು ಎದ್ದು ಪ್ಲಾಸ್ಟಿಕ್ ಸ್ಟೂಲ್ ಒರೆಸಿ ಮುಂದಿಟ್ಟ.

“ನಿಮಗೆ ಆಗಿದ್ದು ನನ್ನ ತಪ್ಪಿನಿಂದ,” ಎಂದೆ. “ಆ ಪ್ರೋಗ್ರಾಂ ಬರೆದವಳು ನಾನು.”

ಅವನು ನನ್ನನ್ನೇ ನೋಡಿದ. “ನಮ್ಮಮ್ಮ ಹೋದ್ಳು ಅಂತ ನೀವ್ ಬರದ್ರಾ ಮೇಡಂ?”

“ಇಲ್ಲ. ಇನ್ನೊಬ್ಬರದು ನಿಮ್ಮ ಸಾಲಿಗೆ ಸೇರಿಕೊಂಡುಬಿಟ್ಟಿತು. ಸೇರದ ಹಾಗೆ ನಾನು ನೋಡಿಕೊಳ್ಳಬೇಕಿತ್ತು. ನೋಡಲಿಲ್ಲ. ದಯವಿಟ್ಟು ಕ್ಷಮಿಸಿ.”

ಕೋಣೆಯಲ್ಲಿದ್ದ ಮತ್ತಿಬ್ಬರು ನೆಲ ನೋಡುತ್ತಿದ್ದರು. ಅವನು ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡ.

“ಬೆಳಗ್ಗೆ ಅಂಗಡಿಯವನು, ಇರು ನಿಮ್ಮಮ್ಮನ್ನ ಕರೀತೀನಿ ಅಂದ. ಯಾರಮ್ಮನ್ನ ಅಂತ ಕೇಳ್ದೆ. ನಿಮ್ಮಮ್ಮನ್ನೇ ಕಣೋ, ಇಲ್ಲೇ ಹುಣಸೆಹಣ್ಣು ತಗೊಂಡೋಗಕ್ಕೆ ಬಂದವ್ಳೆ ಅಂದ. ಅವಳು ಬಂದು ಫೋನ್ ತಗಂಡ್ಲು. ನಂಗೆ ಬಾಯೇ ಬರ್ಲಿಲ್ಲ. ಯಾಕೋ ಗಂಟಲು ಕಟ್ಟೈತೆ, ಉಷ್ಣ ಆಗಿರ್ತೈತೆ, ತಲೆಗೆ ಎಣ್ಣೆ ಹಚ್ಕಳಲ್ವಾ ಅಂದ್ಲು.”

“ನೀವೇನಂದ್ರಿ?”

“ಹಚ್ಕತೀನಮ್ಮ ಅಂದೆ.”

ಮೊದಲು ನಕ್ಕವನು ಮೇಲಿನ ಮಂಚದಲ್ಲಿದ್ದವನು. ಆಮೇಲೆ ಕ್ಲರ್ಕು, ಕೊನೆಗೆ ಅವನೂ ನಕ್ಕ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಅವನು ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟ. ಸಾಂತ್ವನ ಹೇಳಲು ಹೋದವಳಿಗೆ ಅವನೇ ಸಮಾಧಾನ ಹೇಳುವ ಹಾಗಾಯಿತು.

ಆದರೆ ಅವನ ನಿಜವಾದ ಚಿಂತೆ ಬೇರೆಯಿತ್ತು. ಇನ್ನು ಮೂರು ವಾರ ಕಳೆದರೆ ಅವನ ರಜೆ. ತಾಯಿ ಬದುಕಿರುವಾಗ ತಲೆ ಬೋಳಿಸಿಕೊಂಡು ಅವಳೆದುರು ಹೋಗಿ ನಿಲ್ಲುವುದು ಹೇಗೆ. “ಬಾಗಿಲಲ್ಲೇ ಎದೆ ಒಡ್ಕಂತಾಳೆ ಮೇಡಂ. ರಜಾ ಎರಡು ತಿಂಗಳು ಮುಂದಕ್ಕಾಕ್ಸಿ, ಕೂದ್ಲು ಬರ್ಲಿ. ಮಳೆ ಬರೋದ್ರಾಗೆ ಚಾವಣಿ ಆಗ್ಬೇಕಿತ್ತು, ಏನ್ ಮಾಡದು.”

ಕ್ಲರ್ಕು ಕೆನ್ನೆ ಕೆರೆದುಕೊಳ್ಳುತ್ತಾ ಯೋಚಿಸುತ್ತಿದ್ದರು. “ನೀನು ಕೋಲಾರದಲ್ಲಿ ಎಲ್ಲಿಯವ?” ಎಂದು ಕೇಳಿದರು. ಮುಳಬಾಗಿಲಿನ ಆಚೆ, ಆಂಧ್ರದ ಗಡಿ ಎಂದ. “ಅಲ್ಲಿಂದ ತಿರುಪತಿ ಎಷ್ಟು ದೂರ? ಬಸ್ಸಿನಲ್ಲಿ ಮೂರು ನಾಕು ಗಂಟೆ ಅಲ್ವಾ? ನೀನು ಬೆಂಗ್ಳೂರಲ್ಲಿ ಯಾಕೆ ಇಳೀತಿ. ಮದ್ರಾಸಲ್ಲಿ ಇಳಿ. ಸೀದಾ ತಿರುಪತಿಗೆ ಹೋಗು, ಇರುವಷ್ಟು ಕೂದಲು ದೇವರಿಗೆ ಕೊಡು, ಆಮೇಲೆ ಮನೆಗೆ ಹೋಗು. ಮುಡಿ ಕೊಟ್ಟು ಬಂದ ಮಗನನ್ನು ಕಂಡು ಯಾವ ತಾಯಿ ಅಳುದು?”

ಅವನ ಮುಖ ಅರಳಿತು. ಇದು ದೇವರಿಗೆ ಸುಳ್ಳು ಹೇಳಿದ ಹಾಗಾಗುವುದಿಲ್ಲವೇ ಎಂದು ಅನುಮಾನಿಸಿದ. “ಅಮ್ಮ ಬದುಕಿದ್ದಾಳೆ ಅಂತ ಕೊಡುವುದು. ಅದರಲ್ಲಿ ಎಂತ ಸುಳ್ಳುಂಟು,” ಎಂದರು ಕ್ಲರ್ಕು.

ಟಿಕೆಟ್ ಬದಲಿಸಲು ಸಿಬ್ಬಂದಿ ಮ್ಯಾನೇಜರ ಒಪ್ಪಿಗೆ ಬೇಕಿತ್ತು. ಆ ಸೂಡಾನಿನವರಿಗೆ ಈ ಮುಡಿಯ ವಿಷಯ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, “ಮಕ್ಕಾಗೆ ಹೋಗಿ ಉಮ್ರಾ ಮುಗಿಸಿ ನಮ್ಮವರು ತಲೆ ಬೋಳಿಸಿಕೊಂಡು ಬರುತ್ತಾರಲ್ಲ, ಹಾಗೆ?” ಎಂದರು. ಹೆಚ್ಚು ಕಡಿಮೆ ಹಾಗೇ ಎಂದೆ. ಸಹಿ ಹಾಕಿ, ಅವನ ರಜೆಗೆ ಇನ್ನೂ ಒಂದು ವಾರ ಸೇರಿಸಿ, “ಆ ನೇಪಾಳಿಯ ಕಾಗದ ಸರಿಯಾಗಿ ಓದದವನು ನಾನು. ಅವನು ಬಂದಾಗ ನನಗೆ ಹೇಳು,” ಎಂದರು.

ಪ್ಲಂಬರ್ ಹತ್ತು ದಿನದ ಮೇಲೆ ಬಂದ. ರಜೆಯಿಂದ ಬಂದವರು ಪಾಸ್‌ಪೋರ್ಟ್ ಒಪ್ಪಿಸಲು ಕಚೇರಿಗೆ ಬರಬೇಕಿತ್ತು. ಮ್ಯಾನೇಜರು ಅವನನ್ನು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ನಾನೂ ಹೋದೆ. ಗಿಡ್ಡ ಆಳು, ಮೊಳೆತ ಕೂದಲು. ನನಗೆ ಬಂದ ಹಿಂದಿಯಲ್ಲಿ ಕ್ಷಮೆ ಕೇಳಿದೆ. ಅವನು ಕೈಯಲ್ಲಿದ್ದ ಟೋಪಿ ತಿರುಗಿಸುತ್ತಾ ಕೇಳಿಸಿಕೊಂಡ.

“ಎರಡು ದಿನ ತಡವಾಯಿತು. ತಮ್ಮ ಎಲ್ಲ ಮಾಡಿ ಮುಗಿಸಿದ್ದ,” ಎಂದ. ಆಮೇಲೆ, “ಅಮ್ಮ ಕೊನೆಗೆ ಏನು ಹೇಳಿದಳು ಅಂತ ಅವನನ್ನು ಕೇಳಿದೆ. ಏನೂ ಹೇಳಲಿಲ್ಲ ಅಂದ,” ಎಂದ.

ಅವನಿಗೆ ತಿರುಪತಿಯಂಥ ದಾರಿ ಯಾವುದೂ ಇರಲಿಲ್ಲ. ಕೋಲಾರದವನ ಮುಂದೆ ಕೇಳಿದ ಕ್ಷಮೆಗೆ ಒಂದು ನಗು ಸಿಕ್ಕಿತ್ತು, ಒಂದು ಲೋಟ ನೀರು ಸಿಕ್ಕಿತ್ತು. ಇಲ್ಲಿ ಕೇಳಿದ್ದು ಹಾಗೇ ಕೋಣೆಯಲ್ಲಿ ಉಳಿಯಿತು. ಅವನು ಚಹಾ ಕುಡಿದು, ಎದ್ದು, ಇಬ್ಬರಿಗೂ ನಮಸ್ಕಾರ ಮಾಡಿ ಹೋದ. ಆ ವಾರವೇ ಅವನನ್ನು ಅಲ್ ವಕ್ರಾದ ಹೊಸ ಸೈಟಿಗೆ ಹಾಕಿದರು.

ಕೋಲಾರದವನು ಮದ್ರಾಸಿನ ವಿಮಾನ ಹತ್ತಿದ. ಎರಡು ತಿಂಗಳ ಮೇಲೆ ಅವನೂ ಪಾಸ್‌ಪೋರ್ಟ್ ಒಪ್ಪಿಸಲು ಬಂದಾಗ, ಕಂಪ್ಯೂಟರ್ ಮೇಡಂ ಎಲ್ಲಿ ಎಂದು ಕೇಳಿಕೊಂಡು ನಮ್ಮ ಕೋಣೆಗೆ ಬಂದ. ಚಾವಣಿ ಆಯಿತೇ ಎಂದೆ. ಆಯಿತು ಎಂದು ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ದೇವಸ್ಥಾನದ ಬೆಟ್ಟದ ಮೇಲೆ ಯಾರೋ ಬೀದಿ ಫೋಟೋದವರು ತೆಗೆದದ್ದು. ಅವನೂ ಅವನ ತಾಯಿಯೂ ಪಕ್ಕ ಪಕ್ಕ ನಿಂತಿದ್ದಾರೆ, ಇಬ್ಬರ ತಲೆಯೂ ಬೋಳು, ಇಬ್ಬರ ತಲೆಗೂ ಗಂಧ ಹಚ್ಚಿದೆ. ತಾಯಿಗೆ ಹಲ್ಲು ಅಷ್ಟಾಗಿ ಇಲ್ಲ, ಆದರೂ ಬಾಯಿ ತುಂಬ ನಗುತ್ತಿದ್ದಾಳೆ.

“ನನ್ ಬಿಟ್ಟು ಒಬ್ನೇ ಹೋಗಿ ಬಂದ್ಯಾ ಅಂತ ಒಂದ್ ವಾರ ಬೈದ್ಲು ಮೇಡಂ. ಅದ್ಕೆ ಇನ್ನೊಂದ್ ಸಲ ಕರ್ಕಂಡೋದೆ. ಬೆಟ್ಟದ ಮ್ಯಾಲೆ ತಡಕಳಕ್ಕಾಗದೆ ನಿಜ ಹೇಳ್ಬುಟ್ಟೆ.”

“ಅತ್ತರಾ?”

“ಇಲ್ಲ. ನಕ್ಕಿದ್ದೇ ನಕ್ಕಿದ್ದು. ಆಮೇಲೆ ಸುಮ್ಕಾಗಿ, ಹಂಗಾದ್ರೆ ನಿಜವಾಗ್ಲೂ ಸತ್ತೋಳು ಯಾರಪ್ಪ ಅಂದ್ಲು. ನೇಪಾಳದ ಕಡೆಯೋರ ತಾಯಿ ಅಂದೆ. ಮಗ ಹೋಗಿದ್ನಾ ಅಂದ್ಲು. ತಡ ಆಯ್ತಂತೆ ಅಂದೆ. ಸೀದಾ ಹೋಗಿ ಕೂದ್ಲು ಕೊಟ್ಟು ಬಂದ್ಲು. ಆ ಯಮ್ಮನ ಹೆಸರಾಗೆ.”

ಅವನ ಚೀಲದಲ್ಲಿ ಎರಡು ಪ್ರಸಾದದ ಪೊಟ್ಟಣಗಳಿದ್ದವು. ಒಂದು ನನಗೆ. ಇನ್ನೊಂದನ್ನು ಆ ಪ್ಲಂಬರನಿಗೆ ಕೈಯಾರೆ ಕೊಟ್ಟು ಬರಬೇಕೆಂದು ತಾಯಿ ಹೇಳಿ ಕಳಿಸಿದ್ದಳು. ಅವನು ಎಲ್ಲಿದ್ದಾನೆಂದು ಕೇಳಿದ. ವಕ್ರಾದ ಸೈಟಿನ ವಿಳಾಸ ಬರೆದುಕೊಟ್ಟೆ.

ಆ ಶುಕ್ರವಾರ ಕ್ಲರ್ಕೇ ಅವನನ್ನು ಪಿಕಪ್ಪಿನಲ್ಲಿ ಕರೆದುಕೊಂಡು ಹೋಗಿ ಬಂದರಂತೆ. ಹೇಗಾಯಿತೆಂದು ಶನಿವಾರ ಫೋನಿನಲ್ಲಿ ಕೇಳಿದೆ.

“ಇವನಿಗೆ ಹಿಂದಿ ಅಷ್ಟಕ್ಕಷ್ಟೆ, ಅವನಿಗೆ ಕನ್ನಡ ಮಾಫಿ, ಒಂದಕ್ಷರ ಇಲ್ಲ,” ಎಂದರು ಕ್ಲರ್ಕು. “ನಾನೇ ಮಧ್ಯದಲ್ಲಿ ಹೇಳಿದ್ದು. ಅವ ಪ್ರಸಾದ ಕಣ್ಣಿಗೆ ಒತ್ತಿಕೊಂಡ. ಫೋಟೋ ತೋರಿಸಿದ್ರೆ ಬಹಳ ಹೊತ್ತು ನೋಡಿದ ಮೇಡಂ. ಆಮೇಲೆ, ಇವರ ಹೆಸರೇನು ಅಂತ ಕೇಳಿದ. ಇವ ತನ್ನ ತಾಯಿ ಹೆಸರು ಹೇಳಿದ. ಅವನೂ ಅವನ ತಾಯಿ ಹೆಸರು ಹೇಳಿದ. ಮತ್ತೆ ಮೂರು ಜನ ಕೂತು ಚಾ ಕುಡಿದು ಬಂದೆವು.”